ಬಲ್ಬಿಗೆ ಬಂದ ಆಯಸ್ಸು

ಸ್ಟುಡಿಯೋದ ಹಿಂದಿನ ಕತ್ತಲೆಕೋಣೆಯಲ್ಲಿ ಗಡಿಯಾರ ಇರಲಿಲ್ಲ, ಹೆಂಡತಿ ಇದ್ದಳು. ಪ್ರಿಂಟಿನ ಕಾಗದದ ಮೇಲೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂಬುದನ್ನು ಅವಳು ಪದ್ಯ ಹೇಳಿ ಅಳೆಯುತ್ತಿದ್ದಳು. ಆರು ಸಾಲಿನ ಪದ್ಯ. "ಹೇಳು" ಎಂದು ಗಂಡ ಲೆನ್ಸಿನ ಕೆಳಗೆ ಹಿಡಿದಿದ್ದ ಕಪ್ಪು ರಟ್ಟನ್ನು ಸರಿಸುವನು, ಅವಳು ಶುರುಮಾಡುವಳು, ಆರನೆಯ ಸಾಲಿನ ಕೊನೆಯ ಅಕ್ಷರಕ್ಕೆ ರಟ್ಟು ಮತ್ತೆ ಅಡ್ಡ ಬರುವುದು. ಮುಂಭಾಗದ ಅಂಗಡಿಯಲ್ಲಿ ಕಾಯುತ್ತ ಕೂತ ಗಿರಾಕಿಗಳು ಒಳಗೇನೋ ಪ್ರಾರ್ಥನೆ ನಡೆಯುತ್ತಿದೆ ಎಂದು ದನಿ ತಗ್ಗಿಸುತ್ತಿದ್ದರು.

ಹೀಗಾದದ್ದು ಬಲ್ಬಿನ ದೆಸೆಯಿಂದ. ಎನ್‌ಲಾರ್ಜರಿನ ತಲೆಯೊಳಗೆ ಒಂದು ಬಲ್ಬು ಉರಿಯುತ್ತದೆ. ಅದರ ಬೆಳಕು ನೆಗೆಟಿವ್ ದಾಟಿ, ಲೆನ್ಸ್ ದಾಟಿ, ಕೆಳಗಿನ ಕಾಗದದ ಮೇಲೆ ಮುಖವನ್ನು ದೊಡ್ಡದು ಮಾಡಿ ಇಳಿಸುತ್ತದೆ. ಅಲ್ಲಿಗೆ ಮನೆಯ ಬಲ್ಬು ನಡೆಯುವುದಿಲ್ಲ. ಒಮ್ಮೆ ಗತಿಯಿಲ್ಲದೆ ಹಾಕಿ ನೋಡಿದ್ದಕ್ಕೆ, ಬಲ್ಬಿನ ನೆತ್ತಿಯ ಮೇಲೆ ಅಚ್ಚೊತ್ತಿದ್ದ ಕಂಪನಿಯ ಅಕ್ಷರಗಳು ಮಸುಕಾಗಿ ಒಬ್ಬ ಬ್ಯಾಂಕ್ ಮ್ಯಾನೇಜರರ ಹಣೆಯ ಮೇಲೆ ಮೂಡಿದ್ದವು. ಬೇಕಾದದ್ದು ಹಾಲಿನಂಥ ಗಾಜಿನ, ಮೈಮೇಲೆ ಏನೂ ಬರೆಯದ ಬಲ್ಬು. ಅದು ದೂರದ ದೊಡ್ಡ ಪೇಟೆಯ ಒಂದೇ ಅಂಗಡಿಯಲ್ಲಿ, ಅದೂ ಅವರಿಗೆ ಮನಸ್ಸು ಬಂದಾಗ, ಸಿಗುತ್ತಿತ್ತು. ಸಿಕ್ಕರೂ ಬಾಳಿಕೆ ಇಲ್ಲ. ಮೊದಲಿಗೆ ಗಂಡನ ಬಳಿ ಹೊತ್ತು ಅಳೆಯುವ ಒಂದು ಪೆಟ್ಟಿಗೆ ಇತ್ತು, ಪ್ರತಿ ಪ್ರಿಂಟಿಗೂ ಟಕ್ಕೆಂದು ಬಲ್ಬು ಹಚ್ಚಿ ಟಕ್ಕೆಂದು ಆರಿಸುವಂಥದ್ದು. ಯಾವುದೋ ಒಂದು ಟಕ್ಕಿಗೆ ಬಲ್ಬು ಹೋಗಿರುತ್ತಿತ್ತು.

ಹೆಂಡತಿಯ ತಮ್ಮ ವೈರಿಂಗ್ ಕೆಲಸದವನು. ಅವನು ಸುಟ್ಟುಹೋದ ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಭಾವ, ಇದು ಉರಿದು ಸತ್ತಿದ್ದಲ್ಲ, ಹಚ್ಚುವಾಗ ಸತ್ತಿದ್ದು" ಎಂದಿದ್ದ. "ತಣ್ಣಗೆ ಮಲಗಿರೋ ತಂತಿ. ಅದರ ಮೇಲೆ ಒಂದೇ ಸಲ ಕರೆಂಟು ನುಗ್ಗಿದ್ರೆ ಎದೆ ಒಡೆದುಹೋಗತ್ತೆ. ನಿಮ್ಮನ್ನ ದಿನಕ್ಕೆ ಐವತ್ತು ಸಲ ನಿದ್ದೆಯಿಂದ ಒದ್ದು ಎಬ್ಬಿಸಿದ್ರೆ ನೀವೆಷ್ಟು ದಿನ ಬದುಕ್ತೀರಿ?"

"ನಿಮ್ಮಕ್ಕ ದಿನಾ ಹಾಗೇ ಎಬ್ಬಿಸೋದು. ಬದುಕಿದೀನಲ್ಲ."

"ಅದಕ್ಕೇ ನೋಡಿ, ತಲೆ ಮೇಲಿನ ತಂತಿ ಎಲ್ಲ ಹೋಗಿರೋದು," ಎಂದು ಅವನು ಭಾವನ ಬೋಳುತಲೆಯತ್ತ ಕೈಮಾಡಿದ.

ಅವನೇ ಉಪಾಯ ಮಾಡಿಕೊಟ್ಟ. ಫ್ಯಾನಿಗೆ ಇರುವಂಥ, ತಿರುಗುಗುಬ್ಬಿಯ ಒಂದು ರೆಗ್ಯುಲೇಟರ್ ಕೂರಿಸಿದ. ಬಲ್ಬನ್ನು ಕೈಯಿಂದ ಮುಟ್ಟದೆ ಬಟ್ಟೆಯಲ್ಲಿ ಹಿಡಿದು ಹಾಕಬೇಕು. ಗುಬ್ಬಿಯನ್ನು ನಿಧಾನ ತಿರುಗಿಸಿ ಬೆಳಕನ್ನು ಮೇಲಕ್ಕೆ ತರಬೇಕು, ಕೆಲಸ ಮುಗಿಯುವವರೆಗೂ ಆರಿಸಬಾರದು. ಎನ್‌ಲಾರ್ಜರಿನ ತಲೆಯ ಗಾಳಿಕಿಂಡಿಯಲ್ಲಿ ಧೂಳು ಕೂರಬಾರದು. ಕರೆಂಟು ಎಷ್ಟು ಕಡಿಮೆ ಕೊಟ್ಟರೆ ಆಯಸ್ಸು ಅಷ್ಟು ಹೆಚ್ಚು. ನೆಗೆಟಿವ್‌ಗೆ ಕಾವು ತಾಗದ ಹಾಗೆ ನಡುವೆ ಒಂದು ದಪ್ಪ ಗಾಜನ್ನೂ ಇಟ್ಟ. ಹೀಗೆ ಬಲ್ಬು ಉರಿಯುತ್ತಲೇ ಇರುವಾಗ ಬೆಳಕನ್ನು ಬಿಡುವುದಕ್ಕೂ ತಡೆಯುವುದಕ್ಕೂ ಲೆನ್ಸಿನ ಕೆಳಗೆ ಒಂದು ರಟ್ಟು. ಒಂದು ಕೈಯಲ್ಲಿ ರಟ್ಟು, ಇನ್ನೊಂದು ಕೈಯಿಂದ ಮುಖದ ಮೇಲೆ ಬೇಕಾದಲ್ಲಿ ನೆರಳು ಮಾಡುವ ಕೆಲಸ. ಕಣ್ಣೆಲ್ಲ ಕಾಗದದ ಮೇಲೆ. ಎಣಿಸುವುದಕ್ಕೆ ಇನ್ನೊಬ್ಬರು ಬೇಕಾಯಿತು.

ಮೊದಲು ಅವಳು ಅಂಕಿ ಎಣಿಸಿದಳು. ಒಲೆಯ ಮೇಲೆ ಹಾಲಿಟ್ಟು ಬಂದ ದಿನ ಅಂಕಿಗಳು ಓಡುತ್ತಿದ್ದವು, ಮನಸ್ಸು ಭಾರವಾದ ದಿನ ಕಾಲೆಳೆಯುತ್ತಿದ್ದವು. ಆಮೇಲೆ ತಾನಾಗಿಯೇ ಪದ್ಯಕ್ಕೆ ಬಂದಳು. ಪದ್ಯ ಹೇಳುವವರ ಮನಸ್ಸು ನೋಡಿ ನಡೆಯುವುದಿಲ್ಲ, ಅದಕ್ಕೆ ತನ್ನದೇ ನಡಿಗೆಯಿದೆ. ಅವಳ ತಂದೆ ಸಂಜೆ ದೀಪದ ಮುಂದೆ ಕೂತು ಹೇಳುತ್ತಿದ್ದ ಪದ್ಯ ಅದು; ತಾವೇ ಕಟ್ಟಿದ್ದೋ, ಹಿರಿಯರಿಂದ ಬಂದದ್ದೋ, ಅವರು ಹೇಳಿರಲಿಲ್ಲ. ಮೂರನೆಯ ಸಾಲು ಉದ್ದ, ಆರನೆಯದು ಅದಕ್ಕಿಂತ ಉದ್ದ: "ಹೊಸ್ತಿಲಲಿ ನಿಲ್ಲೊಡೆಯ, ಕಣ್ತುಂಬಿಕೊಳ್ಳುವೆನು, ಆಮೇಲೆ ಹೋಗು." ಆ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಬೇಕೆಂದು ತಂದೆ ಕಲಿಸಿದ್ದರು. ನಡುವೆ ಉಸಿರು ತೆಗೆದರೆ ಒಡೆಯ ಹೊರಟುಬಿಡುತ್ತಾನೆ ಎನ್ನುತ್ತಿದ್ದರು.

ತವರಿನಲ್ಲಿ ಅವಳು ಬಾಯಿ ತೆರೆದರೆ ಹತ್ತು ಜನ ಕಿವಿಗೊಡುತ್ತಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಗೆ ತಲೆನೋವು. "ಶುರುವಾಯ್ತು ನೋಡು ರೇಡಿಯೋ" ಎನ್ನುತ್ತಿದ್ದರು. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅತ್ತೆ ಹೋದ ಮೇಲೂ ಬೀಗ ಹಾಗೇ ಉಳಿಯಿತು. ಗಂಡ ಒಳ್ಳೆಯವನು, ಆದರೆ ಊಟಕ್ಕೆ ಕೂತರೆ ಉಪ್ಪು ಕಡಿಮೆ ಎಂಬುದನ್ನೂ ಹುಬ್ಬಿನಲ್ಲೇ ಹೇಳುವವನು. ಮಕ್ಕಳಾಗಲಿಲ್ಲ. ಆ ಮನುಷ್ಯ ದಿನವೂ ಮಧ್ಯಾಹ್ನ ಅಂಗಡಿಯ ಬಾಗಿಲು ಓರೆ ಮಾಡಿ, ಕೆಂಪು ದೀಪದ ಕೋಣೆಯೊಳಗೆ ನಿಂತು, ಅವಳತ್ತ ತಿರುಗಿ "ಹೇಳು" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಅವಳಿಗೆ ಅಷ್ಟು ಸಾಕಾಗಿತ್ತು. ಖುಷಿಯಾದಾಗ ಅವನು ಅವಳನ್ನು "ಏ ಗಡಿಯಾರ" ಎಂದು ಕರೆಯುತ್ತಿದ್ದ.

ಒಂದು ದಿನ ಆರನೆಯ ಸಾಲು ಉಸಿರಿಗೆ ಸಿಗಲಿಲ್ಲ. "ಕಣ್ತುಂಬಿಕೊಳ್ಳುವೆನು" ಎನ್ನುವಷ್ಟರಲ್ಲಿ ಎದೆ ಖಾಲಿಯಾಯಿತು. ಕದ್ದು ಒಂದು ಉಸಿರೆಳೆದುಕೊಂಡು ಮುಗಿಸಿದಳು. ನೆಗಡಿ ಇರಬೇಕು ಅಂದುಕೊಂಡಳು. ನೆಗಡಿ ಹೋಗಲಿಲ್ಲ. ಮೆಟ್ಟಿಲು ಹತ್ತಿ ಬಂದ ದಿನ ಮೂರನೆಯ ಸಾಲಿನಲ್ಲೂ ನಿಲ್ಲಬೇಕಾಯಿತು. ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನೆಗೆಟಿವ್ ಓದುವುದು ಅವಳಿಗೂ ಗೊತ್ತಿತ್ತು; ಕಪ್ಪಾಗಿ ಇರಬೇಕಾದ ಜಾಗದಲ್ಲಿ ಬಿಳಿ ಬಲೆ ಕಟ್ಟಿತ್ತು.

"ಶ್ವಾಸಕೋಶ ಗಟ್ಟಿಯಾಗ್ತಾ ಬರ್ತಿದೆ ಅಮ್ಮ. ಗಾಳಿ ಹಿಡಿಯೋ ಜಾಗ ಕಡಿಮೆ ಆಗ್ತಿದೆ. ಮನೇಲಿ ಏನು ಕೆಲಸ?"

ಹೇಳಿದಳು.

"ಆ ಕೋಣೆ ಬಿಟ್ಟುಬಿಡಿ. ಮುಚ್ಚಿದ ಜಾಗ, ಕೆಮಿಕಲ್ ವಾಸನೆ, ಮಾತು ಬೇರೆ."

"ಬಿಟ್ರೆ ವಾಸಿಯಾಗತ್ತಾ?"

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟರು. "ವಾಸಿ ಅಂತಲ್ಲ. ನಿಧಾನ ಆಗಬಹುದು."

ಬಸ್ಸಿನಲ್ಲಿ ಬರುವಾಗ ಅವಳು ಲೆಕ್ಕ ಹಾಕಿದಳು. ಗಂಡನಿಗೆ ಹೇಳಿದರೆ ಅವನು ಆ ದಿನವೇ ಅಟ್ಟದಿಂದ ಟಕ್ಕೆನ್ನುವ ಪೆಟ್ಟಿಗೆಯನ್ನು ಇಳಿಸುತ್ತಾನೆ. ತಾನು ಇನ್ನಷ್ಟು ದಿನ ಬದುಕಿರಬಹುದು, ಅಡುಗೆಮನೆಯಲ್ಲಿ, ಬಾಯಿ ಮುಚ್ಚಿಕೊಂಡು. ಮನೆಗೆ ಬಂದು ಸೀರೆ ಬದಲಿಸಿ ನೇರ ಕತ್ತಲೆಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತಳು.

"ಎಲ್ಲಿ ಹೋಗಿದ್ದೆ?"

"ಚಿಕ್ಕಮ್ಮನ ಮನೆಗೆ."

"ಹೇಳು" ಎಂದ ಅವನು.

ಅವನಿಗೆ ಬೇರೆಯೇ ಒಂದು ಚಿಂತೆ ಹತ್ತಿತ್ತು. ಪ್ರಿಂಟುಗಳು ಕಪ್ಪಾಗುತ್ತಿದ್ದವು. ಮದುಮಕ್ಕಳ ಕೆನ್ನೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಬೆಳಕು ಹೆಚ್ಚು ಬೀಳುತ್ತಿದೆ ಎಂದರ್ಥ. ಪದ್ಯ ಅದೇ, ಕಾಗದ ಅದೇ. ಬದಲಾಗಿರುವುದು ಬಲ್ಬೇ ಇರಬೇಕು. ಗುಬ್ಬಿಯನ್ನು ಕೂದಲೆಳೆಯಷ್ಟು ಇಳಿಸಿದ, ಸರಿಹೋಯಿತು. ಕೆಲವು ದಿನಕ್ಕೆ ಮತ್ತೆ ಕಪ್ಪು, ಮತ್ತೆ ಇಳಿಸಿದ. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿಯೂ ಸರಿಪಡಿಸಬಹುದಿತ್ತು; ಆದರೆ ಗುಬ್ಬಿ ಇಳಿಸಿದರೆ ಬಲ್ಬಿಗೆ ಆಯಸ್ಸು ಬರುತ್ತದಲ್ಲ! ಅವನು ಯಾವತ್ತೂ ಇಲ್ಲದ ಹುರುಪಿನಲ್ಲಿ ಭಾವಮೈದುನನನ್ನು ಕರೆಸಿದ.

"ಎಲ್ಲ ಬಲ್ಬೂ ಹಳೇದಾದ ಹಾಗೆ ಮಂಕಾಗತ್ತೆ. ಇದು ನೋಡು, ದಿನದಿಂದ ದಿನಕ್ಕೆ ಗಟ್ಟಿಯಾಗ್ತಿದೆ. ನಾನು ಕರೆಂಟು ಕಡಿಮೆ ಮಾಡ್ತಾ ಬಂದೆ, ಇದು ಕೊಡೋದು ಕೊಡ್ತಾನೇ ಇದೆ."

ತಮ್ಮ ಬಗ್ಗಿ ಗಾಳಿಕಿಂಡಿಯಿಂದ ಇಣುಕಿದ. ಬಲ್ಬು ಕಿತ್ತಳೆ ಬಣ್ಣಕ್ಕೆ ಇಳಿದಿತ್ತು. "ನಿಮ್ಮ ಕಣ್ಣೇ ಮಂಕಾಗಿರಬೇಕು ಭಾವ. ಇಲ್ಲಾ ಲೈನಲ್ಲಿ ಕರೆಂಟು ಹೆಚ್ಚು ಬರ್ತಿರಬೇಕು." ಮೀಟರು ಹಚ್ಚಿ ನೋಡಿದ, ಹೆಚ್ಚು ಏನೂ ಇರಲಿಲ್ಲ. ತಲೆ ಕೆರೆದುಕೊಂಡ. "ನನ್ನ ಸರ್ವೀಸಲ್ಲೇ ನೋಡಿಲ್ಲಪ್ಪ. ಇದು ನಮ್ಮಕ್ಕನ ಜಾತಿಯ ಬಲ್ಬು. ವಯಸ್ಸಾದ ಹಾಗೆ ಜೋರು."

ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಈ ಬಲ್ಬು ನಮ್ಮಿಬ್ಬರನ್ನೂ ಕಳಿಸಿಕೊಟ್ಟು ಆಮೇಲೆ ಹೋಗತ್ತೆ ನೋಡ್ತಿರು," ಎಂದು ಗಂಡ ಎನ್‌ಲಾರ್ಜರಿನ ಬೆನ್ನು ತಟ್ಟಿದ, ಹಸುವಿನ ಬೆನ್ನು ತಟ್ಟುವವನ ಹಾಗೆ. ಅವಳಿಗೆ ಅವನ ಆ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತು!

ಮುಂದಿನ ಸಲ ಅವಳು ಆಸ್ಪತ್ರೆಗೆ ಹೋದ ದಿನ ಒಂದು ಶಾಲೆಯ ಗುಂಪು ಫೋಟೋ ಸಂಜೆಯೊಳಗೆ ಕೊಡಬೇಕಿತ್ತು. ಅವನು ಒಬ್ಬನೇ ಒಳಗೆ ಹೋದ. ಪದ್ಯ ಅವನಿಗೂ ಬಾಯಿಪಾಠ. ಅಷ್ಟು ವರ್ಷ ಕೇಳಿದ ಮೇಲೆ ಗೋಡೆಗೂ ಬಂದಿರುತ್ತದೆ. ಅವಳು ಹೇಳುತ್ತಿದ್ದ ಹಾಗೆಯೇ, ಅವಳ ಅಪ್ಪ ಕಲಿಸಿದ ನಡಿಗೆಯಲ್ಲಿ, ಆರನೆಯ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿ ರಟ್ಟು ಮುಚ್ಚಿದ. ಕಾಗದವನ್ನು ದ್ರಾವಣಕ್ಕೆ ಬಿಟ್ಟ. ಮಕ್ಕಳ ಮುಖಗಳು ಮೂಡಲೋ ಬೇಡವೋ ಎನ್ನುವಂತೆ ಮೂಡಿ, ಬಿಳಿಚಿಕೊಂಡು, ಅಷ್ಟಕ್ಕೇ ನಿಂತವು.

ಬಲ್ಬಿಗೆ ಕೊನೆಗಾಲ ಬಂತು ಅಂದುಕೊಂಡ. ಗುಬ್ಬಿ ಏರಿಸಿ ಇನ್ನೊಂದು ಕಾಗದ ಇಟ್ಟ. ಇನ್ನೂ ಬಿಳಿಚು. ಮತ್ತೆ ಏರಿಸಿದ. ಹಾಗೆ ಏರಿಸುತ್ತ ಹೋಗಿ, ಬಲ್ಬು ಹೊಸದಾಗಿ ಹಾಕಿದ ದಿನ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದ ಗೆರೆಯನ್ನು ಒಂದು ಕೂದಲೆಳೆಯಷ್ಟು ದಾಟಿದಾಗ ಪ್ರಿಂಟು ಸರಿಯಾಗಿ ಬಂತು. ಎರಡು ಸಾಲು ಮಕ್ಕಳು, ನಡುವೆ ಮೇಷ್ಟರು, ಎಲ್ಲರ ಕಣ್ಣೂ ಕಣ್ಣಾಗಿದ್ದವು.

ಅವನು ಅದನ್ನು ನೀರಿಗೆ ಹಾಕುವುದನ್ನೂ ಮರೆತು ನಿಂತ.

ಬಲ್ಬು ಗಟ್ಟಿಯಾಗಿರಲಿಲ್ಲ. ಎಲ್ಲ ಬಲ್ಬುಗಳ ಹಾಗೆ ಚೂರು ಮಂಕಾಗಿತ್ತು, ಅಷ್ಟೆ. ಹಾಗಾದರೆ ಇಷ್ಟು ತಿಂಗಳು ಕಾಗದಕ್ಕೆ ಹೆಚ್ಚು ಬೆಳಕು ಕೊಟ್ಟದ್ದು ಯಾರು? ಕೆಂಪು ದೀಪದ ಕೆಳಗೆ ನಿಂತು ಅವನು ನಿನ್ನೆಯ ಪದ್ಯವನ್ನು ಮತ್ತೆ ಕೇಳಿಸಿಕೊಂಡ. ಮೂರನೆಯ ಸಾಲಿನ ನಡುವೆ ನಿಂತದ್ದು. ಆರನೆಯದರಲ್ಲಿ "ನಿಲ್ಲೊಡೆಯ" ಎಂದು ನಿಂತದ್ದು, "ಕಣ್ತುಂಬಿಕೊಳ್ಳುವೆನು" ಎಂದು ಮತ್ತೆ ನಿಂತದ್ದು, ನಡುವೆ ಸಣ್ಣಗೆ ಶಿಳ್ಳೆಯಂಥ ಒಂದು ಸದ್ದು. ಅವಳು ನಿಂತಷ್ಟು ಹೊತ್ತೂ ಕಾಗದದ ಮೇಲೆ ಬೆಳಕು ಬೀಳುತ್ತಲೇ ಇತ್ತು. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. ದಿನವೂ ಬಿದ್ದಿತ್ತು. ಅವನು ಅದನ್ನು ಹೊತ್ತು ಎಂದು ಕೇಳಿಸಿಕೊಂಡಿದ್ದ, ಹೆಂಡತಿ ಎಂದು ಕೇಳಿಸಿಕೊಂಡಿರಲಿಲ್ಲ. ಅವಳ ಉಸಿರು ಇಳಿದಷ್ಟೂ ಗುಬ್ಬಿ ಇಳಿಸುತ್ತ, ಇಳಿದದ್ದನ್ನೆಲ್ಲ ಬಲ್ಬಿನ ಆಯಸ್ಸಿಗೆ ಸೇರಿಸುತ್ತ, ಅದರ ಬೆನ್ನು ತಟ್ಟುತ್ತ ಬಂದಿದ್ದ.

ಅವಳು ಬಂದಾಗ ಅವನು ಅಂಗಡಿಯ ಬೆಂಚಿನ ಮೇಲೆ, ಗಿರಾಕಿಗಳು ಕೂರುವ ಜಾಗದಲ್ಲಿ ಕೂತಿದ್ದ. ಪಕ್ಕದಲ್ಲಿ ಎರಡು ಪ್ರಿಂಟು: ಒಂದು ಬಿಳಿಚು, ಒಂದು ಸರಿ.

"ಚಿಕ್ಕಮ್ಮ ಹೇಗಿದ್ದಾರೆ?"

"ಇದ್ದಾರೆ."

"ಡಾಕ್ಟರು?"

ಅವಳು ಪ್ರಿಂಟುಗಳನ್ನು ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಚೀಲವನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಮೂರು ಮೆಟ್ಟಿಲು ಹತ್ತಿದ್ದಕ್ಕೇ ಭುಜ ಏರಿಳಿಯುತ್ತಿತ್ತು. ಅದು ಅವನಿಗೆ ಈಗ ಕಾಣಿಸಿತು.

"ಯಾವಾಗಿನಿಂದ?"

"ನಿಮ್ಮ ಬಲ್ಬು ಗಟ್ಟಿಯಾದಾಗಿನಿಂದ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀವು ಅದರ ಮೇಲೆ ಅಷ್ಟು ಖುಷಿಯಾಗಿದ್ರಿ," ಎಂದಳು ಅವಳು. "ಹೇಗೆ ಹೇಳ್ಲಿ?"

ಅವನು ಬಿಳಿಚು ಪ್ರಿಂಟನ್ನು ಮಡಿಸಿದ. ಇನ್ನೂ ಒಮ್ಮೆ ಮಡಿಸಿದ. ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಆ ಪೆಟ್ಟಿಗೆ ಇಳಿಸ್ತೀರಾ?" ಎಂದು ಅವಳು ಕೇಳಿದಳು. ಅವನ ತೋಳು ಹಿಡಿದಳು. "ನನ್ನ ಹೊರಗೆ ಹಾಕಬೇಡಿ. ಇನ್ನೆಲ್ಲಾದರೂ ನನ್ನನ್ನ ಯಾರಾದರೂ ಹೇಳು ಅಂದಿದ್ದಾರಾ? ನೀವೇ ಆದರೂ, ಆ ಕೋಣೆ ಬಿಟ್ಟು ಬೇರೆಲ್ಲಾದರೂ ಅಂದಿದ್ದೀರಾ?"

ಅವನು ತನ್ನ ತೋಳು ಹಿಡಿದ ಆ ಕೈಯನ್ನು ನೋಡಿದ.

"ಮನೇಲೂ ಹೇಳು," ಎಂದ ಕೊನೆಗೆ. "ಎಲ್ಲಿ ಬೇಕಾದರೂ ಹೇಳು. ಕೇಳ್ತೀನಿ."

"ಈಗ ಹಾಗೆ ಅಂತೀರಿ," ಎಂದು ಅವಳು ಸಣ್ಣಗೆ ನಕ್ಕಳು. "ಮನೇಲಿ ನಾನು ಹೇಳಿದ್ರೆ ಅದು ಯಾತಕ್ಕೂ ಬೇಕಾಗಿರಲ್ಲ. ನೀವು ಪಾಪ ಅಂತ ಕೇಳ್ತೀರಿ. ನನಗೆ ಅದು ಬೇಡ."

ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು. ಅಲ್ಲೂ ಅದೇ ಮಾತು, ಇನ್ನಷ್ಟು ಮೆತ್ತಗೆ. ತಮ್ಮ ಬಂದು ಕತ್ತಲೆಕೋಣೆಯ ಗೋಡೆ ಒಡೆದು, ಬೆಳಕು ನುಸುಳದ ಹಾಗೆ ಅಂಕುಡೊಂಕಿನ ಕೊಳವೆಯಿಟ್ಟು ಗಾಳಿ ಎಳೆಯುವ ಫ್ಯಾನು ಕೂರಿಸಿದ. ಏಣಿಯ ಮೇಲೆ ನಿಂತವನು ತುಂಬ ಹೊತ್ತು ಇಳಿಯಲಿಲ್ಲ. ಮುಖ ಗೋಡೆಯ ಕಡೆಗೇ ಇತ್ತು.

"ಇಳಿಯೋ, ಮೊಳೆ ಹೊಡೆದದ್ದು ಸಾಕು," ಎಂದಳು ಅಕ್ಕ.

"ಜೋರು ಅಂದೆನಲ್ಲ ಅಕ್ಕ, ಅವತ್ತು."

"ಜೋರೇ ಇದೀನಿ. ಇಳಿ."

ಪೆಟ್ಟಿಗೆ ಅಟ್ಟದಲ್ಲೇ ಉಳಿಯಿತು. ಅವನು ದ್ರಾವಣದ ತಟ್ಟೆಗಳಿಗೆ ಮುಚ್ಚಳ ಮಾಡಿಸಿದ, ಸ್ಟೂಲಿನ ಬದಲು ಒರಗುಕುರ್ಚಿ ತಂದ, ಗಿರಾಕಿಗಳಿಗೆ ತಡವಾಗುತ್ತದೆ ಎಂದು ಹೇಳಲು ಕಲಿತ. ಬೆಳಗ್ಗೆ ಅವಳು ಬರುವ ಮೊದಲೇ ಹೆಚ್ಚಿನ ಪ್ರಿಂಟುಗಳನ್ನು ತಾನೇ ಮೆಲ್ಲಗೆ ಎಣಿಸಿ ಮುಗಿಸಿ, ಮಧ್ಯಾಹ್ನಕ್ಕೆ ಕೆಲವನ್ನು ಮಾತ್ರ ಉಳಿಸುತ್ತಿದ್ದ. ಆ ಕೆಲವಕ್ಕೆ ಅವಳ ಪದ್ಯವೇ ಲೆಕ್ಕ. ಅವಳು ಒಳಗೆ ಬಂದು ಕೂತೊಡನೆ ಅವನು ಅವಳ ಉಸಿರನ್ನು ಕೇಳುತ್ತಿದ್ದ, ಆಮೇಲೆ ಗುಬ್ಬಿಗೆ ಕೈ ಹಾಕುತ್ತಿದ್ದ. ಇವತ್ತು ಇಷ್ಟು ಇಳಿಸಿದರೆ ಅವಳು ಆರನೆಯ ಸಾಲು ಮುಗಿಸುವಷ್ಟರಲ್ಲಿ ಮುಖ ಸರಿಯಾಗಿ ಮೂಡುತ್ತದೆ. ತಪ್ಪುತ್ತಿರಲಿಲ್ಲ. ದಿನ ಕಳೆದಂತೆ ಬೆಳಕು ಕಾಗದದ ಮೇಲೆ ಮುಖ ಕಾಣದಷ್ಟು ಕಂದಿತು. ಬಲ್ಬು ಆರುವ ಕೆಂಡದಂತೆ ಇತ್ತು. ಅವಳು ಎಷ್ಟು ಕಡೆ ನಿಂತರೂ, ಎಷ್ಟು ಹೊತ್ತು ನಿಂತರೂ ಅವನ ಕೈಯಲ್ಲಿನ ರಟ್ಟು ಅಲ್ಲಾಡುತ್ತಿರಲಿಲ್ಲ. ಕೊನೆಯ ಅಕ್ಷರಕ್ಕೆ ಮುಚ್ಚಿಕೊಳ್ಳುತ್ತಿತ್ತು.

"ಸರಿಯಾಗಿ ಬಂತಾ?" ಎಂದು ಅವಳು ಕೇಳುವಳು.

"ಗಡಿಯಾರ ಕೆಟ್ಟಿಲ್ಲ," ಎನ್ನುವನು.

ಒಂದು ಮಧ್ಯಾಹ್ನ ಟೈಲರಂಗಡಿಯವನ ಮಗಳ ಚಿತ್ರ. ಮೊದಲ ದಿನ ಶಾಲೆಗೆ ಹೊರಟ ಹುಡುಗಿ, ತಂದೆ ಹೊಲಿದ ಲಂಗ ಅಂಗಾಲಿನವರೆಗೆ. "ಹೇಳು" ಎಂದು ಅವನು ರಟ್ಟು ಸರಿಸಿದ. ಅವಳು ಶುರುಮಾಡಿದಳು. ಒಂದೊಂದು ಪದಕ್ಕೂ ಒಂದೊಂದು ಉಸಿರು. ಐದನೆಯ ಸಾಲು ಮುಗಿಯಿತು. ಹೊಸ್ತಿಲಲಿ. ನಿಲ್ಲೊಡೆಯ. ಅವನು ಕಾದ. ಹೀಗೆ ನಿಲ್ಲುವುದು ಹೊಸದಲ್ಲ. ಅವಸರ ಮಾಡಿದರೆ ಅವಳಿಗೆ ಗಾಬರಿಯಾಗುತ್ತದೆ. ಅವಳು ಉಸಿರು ಕೂಡಿಸಿಕೊಳ್ಳುತ್ತಿದ್ದಾಳೆ. ಅವನು ಕಾಯುವುದನ್ನು ಚೆನ್ನಾಗಿ ಕಲಿತಿದ್ದ. ರಟ್ಟು ಹಿಡಿದ ಕೈ ಮರಗಟ್ಟುವವರೆಗೆ ಕಾದ. ಬೆಳಕು ಕಾಗದದ ಮೇಲೆ ಬೀಳುತ್ತಲೇ ಇತ್ತು. ಗೋಡೆಯ ಫ್ಯಾನು ತಿರುಗುತ್ತಿತ್ತು, ಅದರಾಚೆಗೆ ಬೇರೆ ಯಾವ ಸದ್ದೂ ಇಲ್ಲ ಎಂಬುದು ಗೊತ್ತಾದಾಗ ಅವನು ರಟ್ಟನ್ನು ಕೆಳಗೆ ಬಿಟ್ಟು ತಿರುಗಿದ.

ಆಸ್ಪತ್ರೆಯಲ್ಲಿ ಅವಳ ಬಾಯಿಗೆ ಕೊಳವೆ ಇತ್ತು. ಅವನು ಮಂಚದ ಪಕ್ಕ ಕೂತು, ಬೇರೆ ರೋಗಿಗಳು ನೋಡುತ್ತಿದ್ದರೂ ನಾಚದೆ, "ಹೇಳು, ಹೇಳು" ಎನ್ನುತ್ತಿದ್ದ. ಅವಳ ಕಣ್ಣು ಒಂದೆರಡು ಸಲ ಅವನತ್ತ ಹೊರಳಿತು. ಮೂರನೆಯ ದಿನ ಹೊರಳಲಿಲ್ಲ.

ಎಲ್ಲ ಮುಗಿದು ನೆಂಟರು ಹೋದ ಮೇಲೆ ತಮ್ಮ ಅವನನ್ನು ಸ್ಟುಡಿಯೋಗೆ ಕರೆದುಕೊಂಡು ಬಂದ. ಕತ್ತಲೆಕೋಣೆಯ ಬಾಗಿಲು ಅವತ್ತು ತೆರೆದದ್ದು ಹಾಗೇ ಇತ್ತು. ಎನ್‌ಲಾರ್ಜರಿನ ಕಿಂಡಿಯಲ್ಲಿ ಕಿತ್ತಳೆ ಬೆಳಕು.

"ಉರೀತಾನೇ ಇದೆ," ಎಂದ ತಮ್ಮ. "ಇಷ್ಟು ದಿನವೂ."

ಭಾವ ಬಾಗಿಲು ಹಾಕಿ ಕೆಂಪು ದೀಪ ಹಚ್ಚಿದ. ಹಳೆಯ ದ್ರಾವಣ ಚೆಲ್ಲಿ, ತಟ್ಟೆ ತೊಳೆದು, ಹೊಸದು ಕಲಸಿದ. ಲೆನ್ಸಿನ ಕೆಳಗೆ ಇನ್ನೂ ಇದ್ದ ಕಾಗದವನ್ನು ಎರಡೂ ಕೈಯಿಂದ ಎತ್ತಿ ದ್ರಾವಣದಲ್ಲಿ ಇಳಿಬಿಟ್ಟ. ಅದು ನೋಡುನೋಡುತ್ತಲೇ ಅಂಚಿನಿಂದ ಅಂಚಿಗೆ ಕಪ್ಪಾಯಿತು. ಹುಡುಗಿಯಿಲ್ಲ, ಲಂಗವಿಲ್ಲ.

"ಭಾವ, ಅದರಲ್ಲಿ ಏನೂ ಬರಲ್ಲ. ಬಾಗಿಲು ತೆಗೆದಿತ್ತು. ಬಿಸಾಕಿ."

"ಗೊತ್ತು."

ಅವನು ಕಾಗದವನ್ನು ಮೂಲೆ ಹಿಡಿದು ಎತ್ತಿ, ಹನಿ ಸೋರಲು ಬಿಟ್ಟು, ಎರಡನೆಯ ತಟ್ಟೆಗೆ ಹಾಕಿದ. ಮಗುಚಿದ. ಮೂರನೆಯದಕ್ಕೆ ಹಾಕಿದ. ಒಂದು ಒಳ್ಳೆಯ ಪ್ರಿಂಟಿಗೆ ಮಾಡುವ ಎಲ್ಲವನ್ನೂ ಮಾಡಿ, ನಲ್ಲಿಯ ಕೆಳಗಿನ ತೊಟ್ಟಿಯಲ್ಲಿ ನೀರು ಬಿಟ್ಟು ಅದನ್ನು ತೇಲಿಸಿದ.

ತಮ್ಮ ಪಕ್ಕಕ್ಕೆ ಬಂದು ನಿಂತ. ಏನಾದರೂ ಮಾತಾಡಬೇಕಲ್ಲ ಎಂದು, "ಎಷ್ಟು ಹೊತ್ತು ಬಿಡಬೇಕು ನೀರಲ್ಲಿ?" ಎಂದು ಕೇಳಿದ.

ಅವನು ತೊಟ್ಟಿಯೊಳಗೆ ಕೈಯಿಟ್ಟುಕೊಂಡು ಆ ಕಪ್ಪು ಹಾಳೆಯನ್ನು ಮೆಲ್ಲಗೆ ಮುಳುಗಿಸಿ ಬಿಡುತ್ತಿದ್ದ. ಪ್ರಶ್ನೆ ಕೇಳಿಸಿತ್ತು. ಹೊತ್ತು ಅಳೆಯುವವಳು ಇರಲಿಲ್ಲ. ಇನ್ನೊಂದು ಕೈಯಿಂದ ನಲ್ಲಿಯನ್ನು ಇನ್ನೂ ಸ್ವಲ್ಪ ತಿರುಗಿಸಿದ.